ಕೈ ಹಿಡಿದವರಿಗೆ

ಖಾನಾಪುರ
೯ ಡಿಸೆಂಬರ್ ೧೯೮೪

ಶ್ರೀಯುತ ಬಸಲಿಂಗಪ್ಪನವರಿಗೆ ಕಾಂತಾ ಮಾಡುವ ಶರಣು.

ನಿಮ್ಮ ಪತ್ರ ಬಂದು ಮುಟ್ಟಿತು. ಅತ್ತೆಯವರ ಕಣ್ಣಿನ ಪರೆ ತೆಗೆಸಿದ್ದು ತಿಳಿದು ಸಮಾಧಾನವಾಯಿತು. ಬಿಸಿಲಿಗೆ ಹೋಗದಂತೆ ನೋಡಿಕೊಳ್ಳಿ, ಅವರು ಹೇಳಿದ್ದು ಕೇಳುವವರಲ್ಲ. ನಾನು ಇಲ್ಲಿ ಅರಾಮ ಇದ್ದೇನೆ. ತಮ್ಮಣ್ಣ ಅಣ್ಣನ ಮನೆಯಲ್ಲಿ ನನಗೆ ಯಾವುದಕ್ಕೂ ಕಡಿಮೆಯಿಲ್ಲ. ಹಿತ್ತಲ ಕಡೆಯ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡಿದ್ದೇನೆ. ಓಣಿಯ ಹೆಣ್ಣುಮಕ್ಕಳ ಕುಬಸಗಳಿಗೇ ದಿನ ಸಾಲುವುದಿಲ್ಲ. ವೈನಿ ಬರೀ ಅಣ್ಣನ ಹೆಂಡತಿಯಲ್ಲ, ನನ್ನನ್ನು ತಂಗಿಯ ಹಾಗೆ ನೋಡುತ್ತಾಳೆ.

ಹಿಂದಿನ ಪತ್ರಗಳಿಗೆ ನಾನು ಉತ್ತರ ಬರೆಯಲಿಲ್ಲ. ಅವುಗಳಲ್ಲಿ ನೀವು ಏನನ್ನೂ ಕೇಳಿರಲಿಲ್ಲ, ಬರೀ ಕರೆದಿದ್ದಿರಿ. ಈ ಸಲ ಕೇಳಿದ್ದೀರಿ. ನಿನಗೆ ಒಂದು ದಿನ ಬೈದವನಲ್ಲ, ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ, ನಾನು ಮಾಡಿದ ತಪ್ಪಾದರೂ ಏನು ಎಂದು ಬರೆದಿದ್ದೀರಿ. ಮೂರೂ ಮಾತು ಖರೆ. ಓಣಿಯಲ್ಲಿ ನಿಮ್ಮಂಥ ಗಂಡನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ನನಗೆ ಎಷ್ಟೋ ಜನ ಹೇಳಿದ್ದಾರೆ. ಹಾಗೆಂದೇ ಉತ್ತರ ಬರೆಯುವುದು ಕಷ್ಟ.

ಆ ದಿನ ನೀವೂ ಅಲ್ಲೇ ಇದ್ದಿರಿ. ನಿಮಗೆ ಗೊತ್ತಿರುವುದನ್ನೇ ನಾನು ಮತ್ತೆ ಬರೆಯಬೇಕು. ಆದರೆ ನೀವು ಕೋರ್ಟಿನಲ್ಲಿ ನಿಂತು ಹೇಳಿದ ಮೇಲೆ ಆ ದಿನ ಎರಡಾಗಿ ಹೋಗಿದೆ. ನಿಮ್ಮದನ್ನು ಎಲ್ಲರೂ ಕೇಳಿದರು. ನನ್ನದನ್ನು ನೀವೊಬ್ಬರಾದರೂ ಕಡೆಯವರೆಗೆ ಓದಿ.

ಎಂಬತ್ತೊಂದರ ಏಪ್ರಿಲ್ ತಿಂಗಳು. ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ನಾನು ಊಟ ಬಿಟ್ಟಿದ್ದೆ, ಮಾತು ಬಿಟ್ಟಿದ್ದೆ. ಸ್ವಲ್ಪ ದಿನ ತವರಲ್ಲಿದ್ದರೆ ಸುಧಾರಿಸಿಯಾಳು ಎಂದು ನೀವು ಸಹಕಾರಿ ಸಂಘದ ಕಚೇರಿಗೆ ರಜೆ ಹಾಕಿ ನನ್ನನ್ನು ಬೆಳಗಾವಿಯಿಂದ ಮಧ್ಯಾಹ್ನದ ಪ್ಯಾಸೆಂಜರಿಗೆ ಹತ್ತಿಸಿಕೊಂಡಿರಿ. ಕಿಟಕಿಯ ಬಾಜು ನನ್ನನ್ನು ಕೂಡಿಸಿ, ಬಿಸಿಲು ಬೀಳದಂತೆ ನಿಮ್ಮ ಟವೆಲ್ಲು ಕಟ್ಟಿದಿರಿ. ಇದನ್ನೂ ನಾನು ಮರೆತಿಲ್ಲ.

ಡಬ್ಬಿಯಲ್ಲಿ ಗದ್ದಲವೇನೂ ಇರಲಿಲ್ಲ. ಕಾಯಿಪಲ್ಲೆ ಮಾರಿ ಖಾಲಿ ಬುಟ್ಟಿ ತಗೊಂಡು ಹೊರಟ ಹೆಂಗಸರು ಬಾಗಿಲ ಹತ್ತಿರ ಕೂತಿದ್ದರು. ಅತ್ತ ಕಡೆ ವ್ಯಾಪಾರಸ್ಥರು ಸೂಟ್‌ಕೇಸಿನ ಮೇಲೆ ಇಸ್ಪೀಟು ಹಾಕಿಕೊಂಡಿದ್ದರು. ನಮ್ಮ ಎದುರಿಗೆ ಮಿಲಿಟರಿ ಮೀಸೆಯ ಒಬ್ಬ ಹಿರಿಯರು ಪೇಪರು ಓದುತ್ತಿದ್ದರು. ಗಾಡಿ ಅಲುಗಿದ ಮೇಲೆ ಒಬ್ಬ ಗಂಡಸು ಒಂದು ಹುಡುಗಿಯ ರಟ್ಟೆ ಹಿಡಿದು ಒಳಗೆ ನೂಕಿದ, ತಾನೂ ಹತ್ತಿದ. ಹುಡುಗಿಗೆ ಹದಿನಾರೋ ಹದಿನೇಳೋ ಇರಬೇಕು. ಉಟ್ಟ ಪರಕಾರದ ಅಂಚಿಗೆ ಇಟ್ಟಿಗೆಯ ಕೆಂಪು ಧೂಳು ಮೆತ್ತಿತ್ತು. ಅವಳು ಇಳಿಯಲು ನೋಡಿದಳು. ಅವನು ಕೆನ್ನೆಗೆ ಹೊಡೆದ. ಎಲ್ಲರೂ ತಿರುಗಿ ನೋಡಿದರು. ಆಗ ಅವನು ನಕ್ಕು ಎಲ್ಲರಿಗೂ ಕೇಳುವಂತೆ ಅಂದ: "ಹೇಣ್ತಿ ರೀ. ಜಗಳಾ ಮಾಡಿ ತವರಿಗೆ ಓಡಾಕ್ ಹತ್ಯಾಳ."

ಆ ಒಂದು ಮಾತಿಗೆ ಡಬ್ಬಿಯವರ ಮುಖ ಸಡಿಲಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನಗೂ ಹಾಗೇ ಆಯಿತು, ಸುಳ್ಳೇಕೆ ಹೇಳಲಿ. ಓ ಹೀಗೋ ಅನಿಸಿತು. ಇಸ್ಪೀಟಿನವರಲ್ಲಿ ಒಬ್ಬ, ಇಬ್ಬರೂ ಮರಾಠಿ ಮಂದಿ ಕಾಣಸ್ತಾರ, ನಾವು ಕನ್ನಡದವರು ನಡುವೆ ಬಾಯಿ ಹಾಕಿದರೆ ನಾಳೆ ಇದೇ ಭಾಷೆಯ ಗಲಾಟೆ ಆಗುತ್ತದೆ ಎಂದು ಪಿಸುಗುಟ್ಟಿದ. ಹುಡುಗಿಯನ್ನು ಹೊಡೆದವನು ಮಾತಾಡಿದ್ದು ಕನ್ನಡದಲ್ಲೇ. ಆದರೂ ಆ ಮಾತಿಗೆ ಉಳಿದವರು ತಲೆಯಾಡಿಸಿದರು.

ಅವನು ಮತ್ತೆ ಹೊಡೆದ. ಅವಳ ತುಟಿ ಒಡೆಯಿತು. ನಾನು ಎಲ್ಲರ ಮುಖ ನೋಡಿದೆ. ಇದು ಗಂಡ ಹೆಂಡಿರ ಜಗಳವೋ ಬೇರೆ ಏನೋ ಎಂದು ಯಾರ ಮುಖದಲ್ಲಾದರೂ ತಿಳಿದೀತು ಎಂದು ನೋಡಿದೆ. ಅವರೆಲ್ಲ ಅದನ್ನೇ ತಿಳಿಯಲು ನನ್ನ ಮುಖವನ್ನೂ ಒಬ್ಬರದನ್ನೊಬ್ಬರೂ ನೋಡುತ್ತಿದ್ದರು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಹೀಗಾಗಿ ಏನೂ ಆಗಿಲ್ಲ ಎಂದು ಎಲ್ಲರೂ ತಿಳಿದುಕೊಂಡೆವು.

ಆಮೇಲೆ ಅವಳ ಕೊರಳು ನೋಡಿದೆ. ತಾಳಿ ಇರಲಿಲ್ಲ, ಕಾಲಿಗೆ ಕಾಲುಂಗುರ ಇರಲಿಲ್ಲ. ನಿಮ್ಮ ಕಿವಿಯಲ್ಲಿ ಹೇಳಿದೆ. ನೀವೂ ನೋಡಿದಿರಿ. ನೋಡಿ, ಇಂಥ ಮಂದಿಯಲ್ಲಿ ಹೇಗೋ ಏನೋ, ಅವರ ಪದ್ಧತಿ ನಮಗೇನು ಗೊತ್ತು ಎಂದಿರಿ. ಆ ಹೊತ್ತಿಗೆ ಅವಳು ನನ್ನನ್ನೇ ನೋಡುತ್ತಿದ್ದಳು. ಅಷ್ಟು ಜನರಲ್ಲಿ ಅವಳು ನನ್ನನ್ನು ಆರಿಸಿಕೊಂಡಳು. ಕೂಗಲಿಲ್ಲ. ನೀರು ಕೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಅಕ್ಕಾರ, ಇಂವ ನನ್ನ ಗಂಡ ಅಲ್ರೀ."

ಅವಳು ಅಕ್ಕಾರ ಅನ್ನದೆ, ಎಲ್ಲರನ್ನೂ ಉದ್ದೇಶಿಸಿ ಕೂಗಿಕೊಂಡಿದ್ದರೆ ನಾನು ಏಳುತ್ತಿದ್ದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಆ ಮಾತು ನನಗೊಬ್ಬಳಿಗೇ ಹೇಳಿದ್ದಾಗಿತ್ತು. ಬೇರೆ ಯಾರ ಮೇಲೂ ಹಾಕಲು ಬರುತ್ತಿರಲಿಲ್ಲ. ಖಾನಾಪುರಕ್ಕೆ ಒಂದು ಸ್ಟೇಷನ್ನು ಮೊದಲು ಗಾಡಿ ನಿಧಾನವಾಯಿತು. ಅವನು ಅವಳ ಜಡೆ ಸುತ್ತಿ ಹಿಡಿದು ಬಾಗಿಲಿಗೆ ಎಳೆದ. ಹೆಂಗಸರು ದಾರಿ ಬಿಡಲು ಬುಟ್ಟಿ ಸರಿಸಿಕೊಂಡರು. ಗಾಡಿ ನಿಂತಿತು, ಅವರು ಇಳಿದರು, ಗಾಡಿ ಮತ್ತೆ ಅಲುಗಿತು. ನಾನು ಬೆಂಚಿನ ಮೇಲೆ ಹತ್ತಿ ಗಾಡಿ ನಿಲ್ಲಿಸುವ ಸರಪಳಿಗೆ ಕೈ ಹಾಕಿದೆ. ನೀವು ನನ್ನ ಕೈ ಹಿಡಿದಿರಿ.

ಜೋರಾಗಿ ಹಿಡಿಯಲಿಲ್ಲ. ಎರಡೂ ಕೈಯಿಂದ, ಜ್ವರ ಬಂದವರ ಕೈ ಹಿಡಿಯುವ ಹಾಗೆ ಹಿಡಿದು ಕೆಳಗೆ ಇಳಿಸಿದಿರಿ. "ನಿನಗೇನರ ಆದ್ರ ನಾ ಏನ್ ಮಾಡ್ಲಿ?" ಎಂದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು. ನಾನು ಬಿಡಿಸಿಕೊಳ್ಳಲು ಕೊಸರಾಡಿದೆ. ಸಂಕಟಕ್ಕೆ ನಿಮ್ಮ ಮುಂಗೈ ಕಚ್ಚಿದೆ. ನೀವು ಬಿಡಲಿಲ್ಲ. ಕಿಟಕಿಯಲ್ಲಿ ಅವಳು ಕಂಡಳು. ಬಂಡಿಯ ದಾರಿ ಹಿಡಿದು ಗಿಡಗಳ ಕಡೆ ಅವನು ಎಳೆದುಕೊಂಡು ಹೊರಟಿದ್ದ. ಅವಳು ಅವನ ಕಡೆ ನೋಡುತ್ತಿರಲಿಲ್ಲ, ಗಾಡಿಯ ಕಡೆ ನೋಡುತ್ತಿದ್ದಳು.

ಗಾಡಿ ವೇಗ ಹಿಡಿದ ಮೇಲೆ ಎಲ್ಲರಿಗೂ ಒಮ್ಮೆಲೇ ಮಾತು ಬಂತು. ಅವನ ಲಕ್ಷಣವೇ ಸರಿಯಿರಲಿಲ್ಲ, ಪೋಲೀಸರಿಗೆ ಕೊಡಬೇಕಿತ್ತು, ಪಾಪ ಕೂಸು ಹೇಗೆ ನಡುಗುತ್ತಿತ್ತು. ಇಸ್ಪೀಟು ಮತ್ತೆ ಶುರುವಾಯಿತು. ಮಿಲಿಟರಿ ಹಿರಿಯರು ಮಾತ್ರ ಪೇಪರನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚುತ್ತಿದ್ದರು.

ಇಲ್ಲಿಯವರೆಗಿನದನ್ನು ನಾನು ನಿಮ್ಮ ಲೆಕ್ಕಕ್ಕೆ ಹಿಡಿದಿಲ್ಲ. ಇದನ್ನು ಚೆನ್ನಾಗಿ ಓದಿ. ನೀವು ಹೆದರಿದಿರಿ. ಒಂದು ಜೀವ ಹೋದ ಮನೆ ನಮ್ಮದು, ಇನ್ನೊಂದು ಹೋದೀತು ಎಂದು ಹೆದರಿದಿರಿ. ಅದಕ್ಕಾಗಿ ನಾನು ನಿಮ್ಮನ್ನು ಬಿಟ್ಟು ಬಂದವಳಲ್ಲ.

ಖಾನಾಪುರದಲ್ಲಿ ಇಳಿದ ಕೂಡಲೇ ಸ್ಟೇಷನ್ನಿನಲ್ಲಿ ಹೇಳೋಣ ಎಂದೆ. ಮೊದಲು ಮನೆಗೆ ಹೋಗೋಣ ಎಂದಿರಿ. ಮನೆಯಲ್ಲಿ ಅಣ್ಣ, ನಾಳೆ ನೋಡೋಣ ಎಂದ. ಮರುದಿನ ಸಂತೆಯಲ್ಲಿ ಸುದ್ದಿ ಹರಡಿತ್ತು. ಹುಲ್ಲು ಕೊಯ್ಯಲು ಹೋದವರಿಗೆ ಅವಳು ಎಚ್ಚರ ತಪ್ಪಿ ಬಿದ್ದಲ್ಲಿ ಸಿಕ್ಕಿದ್ದಳು. ಹೆಸರು ಮಾಯಕ್ಕ. ಜಾಂಬೋಟಿ ಕಡೆಯವಳು, ಕುರಿ ಕಾಯುವ ಮೈಲಾರಲಿಂಗನ ಮಗಳು. ಬೆಳಗಾವಿ ಹತ್ತಿರದ ಇಟ್ಟಿಗೆ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಅವನು ಅಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ, ಲಕ್ಷ್ಮಪ್ಪ. ಅವನ ಕಾಟ ತಾಳಲಾರದೆ ಅಪ್ಪನ ಮನೆಗೆ ಹೊರಟವಳನ್ನು ಸ್ಟೇಷನ್ನಿನಲ್ಲಿ ಹಿಡಿದಿದ್ದ.

ನಾನು ಪೋಲೀಸರಿಗೆ ಹೇಳಿಕೆ ಕೊಡಲು ಹೊರಟಾಗ ನೀವು ತಡೆಯಲಿಲ್ಲ. ಹೋಗಿ ಬಾ ಎಂದಿರಿ, ಹೊರಗೆ ಕಟ್ಟೆಯ ಮೇಲೆ ನನಗಾಗಿ ಕಾಯುತ್ತ ಕೂತಿರಿ. ಅವತ್ತು ನನಗೆ ನಿಮ್ಮ ಮೇಲೆ ಬಂದ ಪ್ರೀತಿ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ.

ಆಸ್ಪತ್ರೆಗೆ ಹೋಗಿ ಅವಳನ್ನು ಕಂಡದ್ದನ್ನು ನಾನು ನಿಮಗೆ ಹೇಳಿರಲಿಲ್ಲ. ಮೈಲಾರಲಿಂಗ ಹೊರಗೆ ಕಂಬಳಿ ಹೊದ್ದು ಬಿಸಿಲಲ್ಲಿ ಕೂತಿದ್ದ. ಮಾಯಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ಗುರುತು ಹಿಡಿದಳು. ಅವಳೇ ಮಾತಾಡಿದಳು. ಅವನು ಮಾಡಿದ್ದರ ಬಗ್ಗೆ ಒಂದು ಮಾತಿಲ್ಲ. ಅವಳು ಕೇಳಿದ್ದು ಇಷ್ಟೇ: "ಅಂವ ಹೇಳಿದ್ದು ಎಲ್ಲಾರೂ ನಂಬಿದ್ರಿ. ನಾ ಹೇಳಿದ್ದು ಯಾಕ ನಂಬಲಿಲ್ರೀ?"

ನಾನು ನಂಬಿದ್ದೆ ಎಂದೆ. ನಂಬಿ ಎದ್ದಿದ್ದೆ ಎಂದೆ. ಅವಳು ನೋಡಿದಳು. ನನ್ನ ಮಾತು ಅವಳಿಗೆ ಕೇಳಿಸಿತು, ಅಷ್ಟೇ. ಅವಳ ಲೆಕ್ಕದಲ್ಲಿ ಗಾಡಿ ಹೋಗಿತ್ತು.

ಕೇಸು ನಿಲ್ಲಬೇಕಾದರೆ ಡಬ್ಬಿಯಲ್ಲಿದ್ದ ಇನ್ನೊಬ್ಬರಾದರೂ ಬರಬೇಕು ಎಂದು ಸರ್ಕಾರಿ ವಕೀಲರು ಹೇಳಿದರು. ನಾನು ಹುಡುಕಿದೆ. ಇಸ್ಪೀಟಿನವರು ಸಿಗಲಿಲ್ಲ. ಬುಟ್ಟಿಯ ಹೆಂಗಸರಲ್ಲಿ ಭರಮವ್ವ ಸಿಕ್ಕಳು. ನನ್ನ ಕೈ ಹಿಡಿದುಕೊಂಡು ಅತ್ತಳು. ತಾಳಿ ಇಲ್ಲದ್ದನ್ನು ತಾನೂ ನೋಡಿದ್ದೆ ಎಂದಳು. ಆದರೆ ತಾನು ದಿನಾ ಅದೇ ಗಾಡಿಗೆ ಹೋಗಬೇಕು, ಲಕ್ಷ್ಮಪ್ಪನ ಕಡೆಯವರೂ ಅದೇ ಗಾಡಿಗೆ ಬರುತ್ತಾರೆ, ತನಗೆ ಬೆಳೆದ ಹೆಣ್ಣುಮಕ್ಕಳಿದ್ದಾರೆ ಎಂದಳು. ಬರುವಾಗ ಸೆರಗಿಗೆ ಮೆಂತ್ಯೆಸೊಪ್ಪು ಹಾಕಿದಳು. ಬೇಡವೆಂದರೂ ಕೇಳಲಿಲ್ಲ.

ಮಿಲಿಟರಿ ಹಿರಿಯರು ಬೀಡಿ ಗ್ರಾಮದವರು, ಸತ್ಯಪ್ಪ ಸುಬೇದಾರರು. ಅಲ್ಲಿಗೂ ಹೋದೆ. ಮನೆಯ ಗೋಡೆಯ ಮೇಲೆ ಪದಕಗಳು. ಎರಡು ಯುದ್ಧ ಕಂಡವರು. ಬಂದ ವಿಷಯ ಹೇಳಿದೆ. ನನಗೆ ಆ ಮನುಷ್ಯನ ಹೆದರಿಕೆ ಇರಲಿಲ್ಲ ತಂಗಿ ಎಂದರು. ಹೆದರಿಕೆಯೇ ಆಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದರು. ಆಮೇಲೆ ನೆಲ ನೋಡುತ್ತ ಅಂದರು: "ಯಾರರ ಏಳ್ರಿ ಅಂತಾರೇನೋ ಅಂತ ದಾರಿ ನೋಡಿದೆ. ಯಾರೂ ಅನಲಿಲ್ಲ." ಸಾಕ್ಷಿಗೆ ಬರಲು ಒಪ್ಪಲಿಲ್ಲ. ಕೂತೇ ಇದ್ದೆ ಎಂದು ಊರ ಮುಂದೆ ನಿಂತು ಹೇಳುವುದು ತನ್ನಿಂದಾಗದು ಎಂದರು. ಬಸ್ಸಿನ ತನಕ ನನ್ನನ್ನು ಬಿಡಲು ಬಂದರು, ಬಸ್ಸು ಬಿಡುವಾಗ ಅಭ್ಯಾಸದಿಂದಲೋ ಏನೋ ಕೈ ಎತ್ತಿ ಸೆಲ್ಯೂಟು ಮಾಡಿದರು. ನನಗೆ ನಾಚಿಕೆಯಾಯಿತು, ಯಾರ ಪರವಾಗಿ ಎಂದು ತಿಳಿಯಲಿಲ್ಲ.

ಹೀಗೆ ಉಳಿದದ್ದು ನೀವೊಬ್ಬರೇ. ನೀವು ಬಂದೇ ಬರುತ್ತೀರಿ ಎಂದು ನಾನು ನಿಮ್ಮನ್ನು ಕೇಳಲೂ ಇಲ್ಲ.

ಭಟ್ಟಿಯ ಮಾಲೀಕರು ನಿಮ್ಮ ಸಂಘದ ಡೈರೆಕ್ಟರು ಎಂದು ನನಗೆ ಆಮೇಲೆ ತಿಳಿಯಿತು. ಅವರು ನಿಮ್ಮನ್ನು ಕರೆಸಿದ್ದು, ಚಹಾ ಕೊಟ್ಟದ್ದು, ಹೆಂಡತಿಯ ಪ್ರಕೃತಿ ಹೇಗಿದೆ ಎಂದು ವಿಚಾರಿಸಿದ್ದು ನಿಮ್ಮ ಬಾಯಿಂದಲೇ ಕೇಳಿದ್ದೆ. ಒಳ್ಳೆಯ ಮನುಷ್ಯರು, ಬೆದರಿಸಲಿಲ್ಲ ಎಂದಿರಿ. ಬೆದರಿಸಿದ್ದರೆ ನಿಮಗೆ ಸಿಟ್ಟಾದರೂ ಬರುತ್ತಿತ್ತೇನೋ.

ಕೋರ್ಟಿನಲ್ಲಿ ಮಾಯಕ್ಕನ ಸಾಕ್ಷಿಯಾದ ಮೇಲೆ ನನ್ನದಾಯಿತು. ಎದುರು ವಕೀಲರು ಏನು ಕೇಳಿದರೂ ನಾನು ತಡವರಿಸಲಿಲ್ಲ. ಮಾಯಕ್ಕ ಅಪ್ಪನ ಹಿಂದೆ ಕೂತು ಕೇಳುತ್ತಿದ್ದಳು. ನಾನು ಹೇಳಿ ಮುಗಿಸಿದಾಗ ಅವಳು ಮೊದಲ ಸಲ ತಲೆ ಎತ್ತಿ ಕೂತಳು. ಆಮೇಲೆ ಒಂದು ದಿನ ನಿಮ್ಮ ಹೆಸರು ಕೂಗಿದರು. ಲಕ್ಷ್ಮಪ್ಪನ ಪರ ಸಾಕ್ಷಿ ಎಂದು ಕೂಗಿದರು. ನಾನು ತಪ್ಪಾಗಿ ಕೂಗಿದರು ಎಂದುಕೊಂಡೆ.

ಆ ದಿನ ನನ್ನ ಹೆಂಡತಿ ನಿದ್ದೆಯ ಗುಳಿಗೆ ತಗೊಂಡು ಹೆಗಲಿಗೆ ಒರಗಿ ಮಲಗಿದ್ದಳು, ಡಬ್ಬಿಯಲ್ಲಿ ಜಗಳವೇನೂ ಆಗಲಿಲ್ಲ ಎಂದಿರಿ. ಅದನ್ನು ಕೂಡ ನಾನು ಹೇಗೋ ಕೇಳಿಕೊಂಡೆ. ಹಾಗಾದರೆ ಆಕೆ ಏಕೆ ಇಷ್ಟೆಲ್ಲ ಹೇಳುತ್ತಾರೆ ಎಂದು ವಕೀಲರು ಕೇಳಿದರು. ನೀವು ನನ್ನ ಕಡೆ ನೋಡಿದಿರಿ. ಇಲ್ಲ ಎನ್ನಬೇಡಿ, ನೋಡಿದಿರಿ. ಆಮೇಲೆ ಹೇಳಿದಿರಿ:

"ಕೂಸು ಹೋದಾಗಿಂದ ಆಕೀಗೆ ಇಲ್ಲದ್ದು ಕೇಳಸ್ತೈತ್ರಿ. ರಾತ್ರ್ಯಾಗ ಕೂಸಿನ ಅಳು ಕೇಳಸ್ತೈತಿ ಅಂತಾಳ್ರಿ."

ಖರೆ. ಕೇಳಿಸುತ್ತಿತ್ತು. ಅದನ್ನು ನಾನು ನನ್ನ ಹಡೆದವ್ವನಿಗೂ ಹೇಳಿರಲಿಲ್ಲ. ಒಂದು ದಿನ ನಿಮ್ಮ ಎದೆಗೆ ಮುಖ ಇಟ್ಟು ಹೇಳಿದ್ದೆ. ನೀವು ಎದ್ದು ಕೂತು, ದೀಪ ಹಚ್ಚಿ, ಬಾ ಇಬ್ಬರೂ ಕೂಡಿ ಹುಡುಕೋಣ ಎಂದು ನನ್ನನ್ನು ಕರೆದುಕೊಂಡು ಮನೆಯೆಲ್ಲ ತಿರುಗಿದ್ದಿರಿ. ಆ ಮಾತನ್ನು ನೀವು ಅಲ್ಲಿ ಹೇಳಿದಿರಿ. ಹಿಂದಿನ ಬೆಂಚಿನಲ್ಲಿ ಯಾರೋ ಛೇ ಛೇ ಎಂದರು, ನನ್ನ ಮೇಲಿನ ಕರುಣೆಗೆ. ನ್ಯಾಯಾಧೀಶರೂ ಆಮೇಲೆ ನನ್ನ ಕಡೆ ಕರುಣೆಯಿಂದಲೇ ನೋಡಿದರು. ನಾನು ಮಾಯಕ್ಕನ ಕಡೆ ತಿರುಗಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ತಾನು ಅಕ್ಕ ಎಂದು ಕರೆದವಳು ನಿಜವಾಗಿ ಎದ್ದಿದ್ದಳೋ, ಅಥವಾ ಹುಚ್ಚಿಗೆ ಹಾಗೆ ಅನಿಸಿದೆಯೋ ಎಂದು ಅವಳಿಗೂ ಅನುಮಾನ ಬಂದಿತ್ತು. ಆ ಅನುಮಾನ ಅವಳ ಕಣ್ಣಿನಲ್ಲಿ ಹುಟ್ಟುವುದನ್ನು ನಾನು ಕಂಡೆ.

ಲಕ್ಷ್ಮಪ್ಪನನ್ನು ಬಿಟ್ಟರು. ನೀವು ಮೆಟ್ಟಿಲ ಮೇಲೆ ನನಗಾಗಿ ನಿಂತಿದ್ದಿರಿ. ಅಡಿಗೆ ಏನು ಮಾಡುತ್ತಿ, ಬರುವಾಗ ಏನಾದರೂ ತರಬೇಕೇ ಎಂದು ಕೇಳಿದಿರಿ. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ಗಾಡಿಯಲ್ಲಿ ನೀವು ಅವಳನ್ನು ಕಾಣದವರಂತೆ ಕೂತಿರಿ, ಕೋರ್ಟಿನಲ್ಲಿ ನನ್ನನ್ನು. ಮೊದಲನೆಯದು ಹೆದರಿಕೆ. ಎರಡನೆಯದಕ್ಕೆ ನೀವು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದಿರಿ. ಆ ಅಂಗಿಗೆ ಇಸ್ತ್ರಿ ಮಾಡಿದವಳು ನಾನೇ.

ಮುಂದಿನದು ನಿಮಗೆ ತಿಳಿದಿರಲಿಕ್ಕಿಲ್ಲ. ಹೋದ ವರ್ಷ ಮೈಲಾರಲಿಂಗ ನನ್ನನ್ನು ಹುಡುಕಿಕೊಂಡು ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ಕೂತ. ಮಗಳನ್ನು ಯಾರೂ ಮಾಡಿಕೊಳ್ಳಲು ಒಪ್ಪುತ್ತಿಲ್ಲ, ತಂಗಿಯರಿಗೂ ಗಂಡು ಬರುತ್ತಿಲ್ಲ, ಹಿರಿಯರು ಕೂತು ಮಾತಾಡಿದ್ದಾರೆ ಎಂದ. ಲಕ್ಷ್ಮಪ್ಪನಿಗೇ ಕೊಡಬೇಕೆಂದು ಮಾತಾಗಿತ್ತು. ಮಾತು ಮುಗಿದರೆ ಸಾಕೆಂದು ಮಾಲೀಕರೂ ಅವನಿಗೆ ಒಪ್ಪಿಕೋ ಎಂದಿದ್ದರಂತೆ. ನಾನು ಮೈಲಾರಲಿಂಗನಿಗೆ ಬೇಡ ಬೇಡ ಎಂದೆ. ಬೈದೆ. ಕಾಲು ಹಿಡಿಯುತ್ತೇನೆ ಎಂದೆ. ಅವನು ಕಂಬಳಿಯ ತುದಿಯನ್ನು ಬೆರಳಿಗೆ ಸುತ್ತುತ್ತ, ಹಾಗಾದರೆ ನೀವು ಇಟ್ಟುಕೊಳ್ಳುತ್ತೀರಾ ಅಕ್ಕಾರ ಎಂದು ಕೇಳಿದ. ಚುಚ್ಚಲು ಕೇಳಿದ್ದಲ್ಲ. ಏನಾದರೂ ದಾರಿ ಇದ್ದೀತೇನೋ ಎಂದು ಕೇಳಿದ. ನಾನು ಒಳಗೆ ನೋಡಿದೆ. ವೈನಿ ಬಾಗಿಲ ಹಿಂದೆ ನಿಂತಿದ್ದಳು. ನನ್ನದೆನ್ನುವ ಮನೆ ನನಗೂ ಇರಲಿಲ್ಲ. ಅವನು ಎದ್ದು ಹೋದ.

ಮೊನ್ನೆ ಸಂತೆಯ ದಿನ ಅವಳನ್ನು ನೋಡಿದೆ. ಬಸ್ ಸ್ಟ್ಯಾಂಡಿನ ಬಾಜು ಮಡಕೆ ಮಾರುವವರ ಹತ್ತಿರ ನಿಂತಿದ್ದಳು. ಕೊರಳಲ್ಲಿ ತಾಳಿ, ಕಂಕುಳಲ್ಲಿ ಕೂಸು. ಲಕ್ಷ್ಮಪ್ಪ ಅವಳ ಕೈಯಲ್ಲಿದ್ದ ಮಡಕೆ ಕಿತ್ತು ಒಗೆದ. ತಡ ಮಾಡಿದಳು ಎಂದೋ ಏನೋ. ರಟ್ಟೆ ಹಿಡಿದು ತಿರುವಿದ. ಸಂತೆಯ ಜನ ಒಂದು ಗಳಿಗೆ ನೋಡಿ ತಮ್ಮ ತಮ್ಮ ಚೌಕಾಸಿಗೆ ತಿರುಗಿದರು. ನನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ. ನಾನು ಹೋಗಿ ಅವರ ನಡುವೆ ನಿಂತೆ, ಬಿಡು ಅವಳನ್ನು ಎಂದೆ. ಅವನಿಗೆ ನನ್ನ ಗುರುತು ಸಿಕ್ಕಿತು. ಅವನು ನಗಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಹಿಂದೆ ಸರಿದು, ಮಾತಾಡು ಎನ್ನುವ ಹಾಗೆ ಅವಳ ಕಡೆ ನೋಡಿದ. ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ನನಗೆ ಹೇಳಿದಳು:

"ಹೋಗ್ರಿ ಅಕ್ಕಾರ. ಈಗ ಖರೇನ ಇಂವ ನನ್ನ ಗಂಡ."

ಸಿಟ್ಟಿಲ್ಲ, ಅಳುವಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗೆ ಹೇಳಿದಳು. ಒಡೆದ ಮಡಕೆಯ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ ಅವನ ಹಿಂದೆ ಹೋದಳು. ಮಡಕೆ ಮಾರುವವಳು, ನಿಮಗೇನು ಸಂಬಂಧವಮ್ಮ, ಅವರಿಗೆ ಅವರೇ ನಾಳೆ ಒಂದಾಗುತ್ತಾರೆ ಎಂದು ನನಗೆ ಬುದ್ಧಿ ಹೇಳಿದಳು.

ಅಲ್ಲಿಂದ ಬಂದ ಮೇಲೆ ನಿಮ್ಮ ಪತ್ರ ತೆಗೆದು ಮತ್ತೆ ಓದಿದೆ. ನೀವು ಕೆಟ್ಟವರಲ್ಲ. ಸುಬೇದಾರರು ಕೆಟ್ಟವರಲ್ಲ, ಭರಮವ್ವ ಕೆಟ್ಟವಳಲ್ಲ, ಮೈಲಾರಲಿಂಗ ಅಂತೂ ಅಲ್ಲವೇ ಅಲ್ಲ. ಈ ಕಥೆಯಲ್ಲಿ ಕೆಟ್ಟವನು ಒಬ್ಬನೇ. ಅವನೊಬ್ಬನಿಂದಲೇ ಇಷ್ಟೆಲ್ಲ ಆಗಲು ಸಾಧ್ಯವಿರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ. ಕ್ಷಮೆ ಕೇಳಿ ಉತ್ತರ ಬರೆಯಬೇಡಿ. ಕೇಳುವುದಿದ್ದರೆ ಕೇಳಬೇಕಾದವಳು ನಾನಲ್ಲ, ಮತ್ತು ಅವಳಿಗೆ ಈಗ ಅದರಿಂದ ಏನೂ ಆಗುವುದಿಲ್ಲ.

ಅತ್ತೆಯವರಿಗೆ ನನ್ನ ಶರಣು ತಿಳಿಸಿ. ಕಣ್ಣಿಗೆ ಹನಿ ಹಾಕುವುದನ್ನು ತಪ್ಪಿಸಬೇಡಿ.

ಇಂತಿ,
ಕಾಂತಾ

ತಾ.ಕ.: ಈ ಪತ್ರವನ್ನು ಬರೆದು ಮುಗಿಸಿಯೂ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಮೇಲೆ, ಇಲ್ಲಿ ಯಾವುದಕ್ಕೂ ಕಡಿಮೆಯಿಲ್ಲ ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದು ಹಾಕಲು ಮನಸ್ಸಾಗಲಿಲ್ಲ. ಅಣ್ಣನ ಮಗಳು ಮಹಾನಂದಾಳಿಗೆ ಗೋಕಾಕ ಕಡೆಯಿಂದ ಒಳ್ಳೆಯ ಸಂಬಂಧ ಬಂದಿದೆ. ಹುಡುಗಿಯ ಸೋದರತ್ತೆ ಗಂಡನನ್ನು ಬಿಟ್ಟು ಯಾಕೆ ಕೂತಿದ್ದಾಳೆ, ಕೋರ್ಟಿಗೆ ಹತ್ತಿದವಳು ಅವಳೇ ಏನು, ತಲೆ ಸರಿ ಇಲ್ಲವಂತಲ್ಲ, ಅದು ಮನೆತನದಲ್ಲೇ ಇದೆಯೇನು ಎಂದು ಅವರು ಕೇಳಿ ಕಳಿಸಿದ್ದಾರೆ. ಅಣ್ಣ ನನಗೆ ಏನೂ ಅಂದಿಲ್ಲ. ನಾನು ಬಡಿಸಿದರೆ ಊಟಕ್ಕೆ ಕೂಡುತ್ತಿಲ್ಲ, ಅಷ್ಟೇ. ಮಹಾನಂದಾ ನನ್ನ ಕೋಣೆಗೆ ಬಂದು, ನೀನು ಎಲ್ಲಿಗೂ ಹೋಗಬೇಡ ಅತ್ತೆ ಎಂದು ಅತ್ತು ಹೋದಳು. ಬಹಳ ಒಳ್ಳೆಯ ಹುಡುಗಿ. ಬುಧವಾರ ಮಧ್ಯಾಹ್ನದ ಬಸ್ಸಿಗೆ ನಾನು ಬೆಳಗಾವಿಗೆ ಬರುತ್ತೇನೆ. ಮಷೀನನ್ನು ಆಮೇಲೆ ಯಾರ ಕೈಯಲ್ಲಾದರೂ ಕಳಿಸುತ್ತಾರಂತೆ. ಗೋಕಾಕದವರು ವಿಚಾರಿಸಲು ನಮ್ಮ ಮನೆಗೂ ಬರಬಹುದು. ನನ್ನ ಬಗ್ಗೆ ಅವರಿಗೆ ಏನು ಹೇಳಿದರೆ ಸರಿಹೋಗುತ್ತದೋ ಅದನ್ನು ನೀವೇ ಹೇಳಿ. ನಾನು ಬಾಜು ನಿಂತಿರುತ್ತೇನೆ, ಏನೂ ಅನ್ನುವುದಿಲ್ಲ.